ಲೈನು

ಅಜ್ಜಿಯ ಬಾಯಲ್ಲಿ ಅದು ಲಾಯಿನು.
ಕೊಪ್ಪದಾಚೆಯ ಕಾಫಿ ತೋಟದಲ್ಲಿ
ಒಂದೇ ಮಾಡಿನಡಿ ಹನ್ನೊಂದು ಬಾಗಿಲು,
ಹನ್ನೊಂದು ಒಲೆ, ಒಂದು ನಲ್ಲಿ.
ಲಾಯಿನಲ್ಲೇ ಹುಟ್ಟಿದ್ದು ನಾನು, ಅನ್ನುವಳು.
ಕುದುರೆ ಕಟ್ಟುವ ಜಾಗಕ್ಕೂ ಅದೇ ಹೆಸರು ನೋಡು, ಲಾಯ,
ಎಂದು ನಕ್ಕು, ವೀಳ್ಯದ ತೊಟ್ಟು ಮುರಿಯುವಳು.

ದೊರೆ ಆ ಪದವನ್ನು ಹಡಗಿನಿಂದ ಇಳಿಸುವಾಗ
ಸೊರಗಿತ್ತೋ ಏನೋ, ಬರೀ ಒಂದು ಗೆರೆ.
ಘಟ್ಟ ಹತ್ತಿದ ಮೇಲೆ ಮೈತುಂಬಿಕೊಂಡಿತು.

ಅಪ್ಪನಿಗೆ ಲೈನೆಂದರೆ ಎರಡು ಕಬ್ಬಿಣ,
ಕುಂಸಿಯಿಂದ ಅರಸಾಳಿನವರೆಗೆ.
ಹೆಗಲಿಗೆ ಸುತ್ತಿಗೆ, ಸಡಿಲಾದ ಕೀಲಿಗೆ ಒಂದೊಂದು ಏಟು.
'ಲೈನಿಗೆ ಹೋಗಿದಾರೆ' ಅಂದರೆ
ಅಮ್ಮ ಎರಡು ರೊಟ್ಟಿ ಹೆಚ್ಚು ಕಟ್ಟಿದ್ದಾಳೆಂದೇ.

ನಾನು ಶಿವಮೊಗ್ಗದ ಎಕ್ಸ್‌ಚೇಂಜಿನಲ್ಲಿ ಕೂತದ್ದು ಎಪ್ಪತ್ತಾರರಲ್ಲಿ.
ಕಿವಿಗೆ ಪಟ್ಟಿ, ಎದುರಿಗೆ ತೂತಿನ ಹಲಗೆ.
ಲೈನಲ್ಲೇ ಇರಿ, ಲೈನಲ್ಲೇ ಇರಿ,
ದಿನಕ್ಕೆ ನಾನೂರು ಸಲ ಅಂದಿದ್ದೇನೆ,
ಹೆರಿಗೆಗೂ ಸಾವಿಗೂ ಮಂಡಿಯ ರೇಟಿಗೂ
ಒಂದೇ ದನಿಯಲ್ಲಿ.

ಕೆಳಗೆ ಸೈಕಲ್ ಸ್ಟ್ಯಾಂಡಿನ ಹುಡುಗರ ಬಾಯಲ್ಲಿ
ಆ ಪದಕ್ಕೆ ಆಗಲೇ ಮೀಸೆ ಬಂದಿತ್ತು.
ನಿಂಗೆ ಲೈನ್ ಹೊಡೀತಾನೆ ಕಣೇ, ಅಂದಳು ಫ್ಲೇವಿಯಾ,
ಕೆಇಬಿಯ ಹುಚ್ಚರಾಯ.
ಹೊಡೆಯೋದಾ? ಯಾಕೆ? ಎಂದು ಕೇಳಿ
ಇಡೀ ಶಿಫ್ಟಿನ ನಗೆಗೆ ಸಿಕ್ಕೆ.
ಅವನೂ ಲೈನಿನವನೇ, ಕಂಬ ಹತ್ತುವವನು.
ಮೇಲಿಂದ ಕೈ ಬೀಸುವನು,
ನಾನು ಕಿಟಕಿ ಮುಚ್ಚುವೆ.
ಸ್ವಲ್ಪ ತಡವಾಗಿ.

ಆಯನೂರಿನಿಂದ ಸಬ್‌ಸ್ಟೇಷನ್ನಿಗೆ
ಆ ಮಧ್ಯಾಹ್ನದ ಕರೆ ಜೋಡಿಸಿದವಳು ನಾನೇ.
ಲೈನ್ ಕ್ಲಿಯರಾ?
ಕ್ಲಿಯರ್.
ಯಾವ ಲೈನೆಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ,
ನಡುವೆ ಕೂತ ನನಗೆ ಕೇಳುವ ಅಧಿಕಾರವಿರಲಿಲ್ಲ.
ಆ ಕಂಬದಲ್ಲಿ ಎರಡಿದ್ದವು.

ಜೀವ ಉಳಿಯಿತು. ಬೀಸುತ್ತಿದ್ದ ಕೈ ಉಳಿಯಲಿಲ್ಲ.
ಆಮೇಲೆ ಅವನು ಗಾಂಧಿ ಬಜಾರಿನಲ್ಲಿ ಎದುರಾದಾಗೆಲ್ಲ
ಇನ್ನೊಂದು ಕೈಯಲ್ಲಿ ಚೀಲವಿರುತ್ತಿತ್ತು.

ಇವತ್ತು ರೇಷನ್ ಅಂಗಡಿಯ ಮುಂದೆ
ನನ್ನ ಹಿಂದೆ ನಿಂತ ಹುಡುಗಿ, ಬೆರಳಲ್ಲಿ ಫೋನು ಸವರುತ್ತ,
ಗೆಳತಿಗೆ ಹೇಳುತ್ತಿದ್ದಳು:
ಆನ್‌ಲೈನೇ ಇದಾನೆ. ಮಾತಾಡ್ತಾ ಇಲ್ಲ.
ಯಾರೂ ಬಿಡಿಸಿ ಹೇಳದೆ
ಈ ಒಂದು ಅರ್ಥ ನನಗೆ ತಾನಾಗಿ ತಿಳಿಯಿತು.
ತಿರುಗಿ ಏನೋ ಹೇಳಬೇಕೆಂದು ಬಾಯಿ ತೆರೆದೆ,
ನಾನೂರು ಸಲ ಅಂದದ್ದೇ ಇರಬೇಕು.

ಅಜ್ಜೀ, ಅಂದಳು ಅವಳು,
ಲೈನು ಮುಂದೆ ಹೋಯ್ತು.