ಪಾಳಿಯ ಮಂಚ

ಇವತ್ತು ಹೊಸ ಕಂಪೈಲರ್ ಹಾಕಿಕೊಂಡೆ.
ಹಳೆಯದು ವರ್ಷಗಟ್ಟಲೆ ಗೊಣಗಿದ ಸಾಲಿಗೆ
ಇದು ಸುಮ್ಮನೆ ತಲೆಯಾಡಿಸಿತು.
ಓಲೆಸುಂಡ್ ಬಂದರಿನಲ್ಲಿ ಒಂಬತ್ತಾದರೂ ಬೆಳಕಿಲ್ಲ.

ನಮ್ಮದು ಮೀನು ಹುಡುಕುವ ಯಂತ್ರ,
ಹೊಟ್ಟೆ ಸಣ್ಣದು. ಅದಕ್ಕೇ ಯೂನಿಯನ್:
ಅದೇ ಜಾಗದಲ್ಲಿ ಒಮ್ಮೆ ಆಳದ ಅಂಕಿ,
ಒಮ್ಮೆ ಪ್ರತಿಧ್ವನಿಯ ದಶಮಾಂಶ.
ಒಂದು ಒರೆಗೆ ಎರಡು ಕತ್ತಿ,
ಒಟ್ಟಿಗಲ್ಲ, ಸರದಿಯಲ್ಲಿ.

ಹಳೆ ಕಾನೂನು ಬಿಗಿ:
ಬರುವವರು ಬರಿಗೈಲಿ ಬರಬೇಕು.
ಅಂಕಿಗಳೇನೋ ಸರಿ, ಹುಟ್ಟಿದರೆ ತೊಟ್ಟಿಲಿಲ್ಲ
ಸತ್ತರೆ ಸೂತಕವಿಲ್ಲ.
ಸ್ಟ್ರಿಂಗ್ ಮಾತ್ರ ಹೊಸ್ತಿಲಾಚೆಗೇ. ಅವಳಿಗೆ
ಬರುವಾಗೊಂದು ಶಾಸ್ತ್ರ, ಹೋಗುವಾಗೊಂದು,
ಮೇಲೆ ಬೇರೆಲ್ಲೋ ಹೀಪಿನಲ್ಲಿ ಬಿಡಾರ.

ಇನ್ನು ಅವಳೂ ಬರಬಹುದಂತೆ.
ಆದರೆ ಕಳಿಸಿಕೊಡುವ ಹೊಣೆ ನನ್ನದಲ್ಲ
ಎನ್ನುತ್ತದೆ ಕಂಪೈಲರ್.
ನೀನು ಕರೆದೆ, ನೀನೇ ಕಳಿಸು.

ಅಪ್ಪ ಟ್ರಾಲರಿನಲ್ಲಿದ್ದ.
ಒಂದು ಮಂಚಕ್ಕೆ ಇಬ್ಬರು: ಆರು ಗಂಟೆ ಅಪ್ಪ,
ಆರು ಗಂಟೆ ಫಾರೋ ದ್ವೀಪದ ತ್ರೋಂಡುರ್.
ಹದಿಮೂರು ಚಳಿಗಾಲ
ಒಬ್ಬನ ಮೈಬಿಸಿಯಲ್ಲಿ ಇನ್ನೊಬ್ಬ ಮಲಗಿದ;
ಎಬ್ಬಿಸುವಾಗಿನ ಎರಡು ಮಾತು ಬಿಟ್ಟರೆ
ಪರಿಚಯ ಅಷ್ಟಕ್ಕಷ್ಟೆ.
ಹಳೆ ಕಪ್ತಾನನ ಕಾಲಕ್ಕೆ ಮಂಚದಲ್ಲಿ
ಮೈ ಬಿಟ್ಟು ಮತ್ತೇನೂ ಇರಕೂಡದು.
ಹೊಸಬ ಮೆದು ಮನುಷ್ಯ:
ಏನಾದರೂ ಇಟ್ಟುಕೊಳ್ಳಿ, ಏಳುವಾಗ ತೆಗೆಯಿರಿ ಎಂದ.

ಮಾರ್ಚಿಯ ಒಂದು ರಾತ್ರಿ
ಅಪ್ಪನನ್ನು ಯಾರೂ ಎಬ್ಬಿಸಲಿಲ್ಲ.
ತಾನಾಗಿಯೇ ಎದ್ದ, ಹೊತ್ತು ಮೀರಿತ್ತು,
ಡೆಕ್ಕಿನ ಮೇಲೆ ತ್ರೋಂಡುರ್ ಇರಲಿಲ್ಲ.

ದಿಂಬಿನಡಿ ಉಳಿದಿತ್ತು ಅವನ ಹೆಂಡತಿಯ ಕಾಗದ.
ಆ ಭಾಷೆ ನಮ್ಮದರ ದಾಯಾದಿ.
ಅಪ್ಪ ನಮ್ಮದೆಂದೇ ಓದಿದ.
ಬೇಸಿಗೆಯಲ್ಲಿ ಹಡಗು ಹತ್ತಿ
ಕೂಸಿನ ಕಾಲುಚೀಲ ಹಿಡಿದು ಅವಳ ಬಾಗಿಲಿಗೆ ಹೋದ.
ಹುಟ್ಟಿದ್ದು ಕುರಿಮರಿಯಂತೆ.
ಆಕೆ ಕಾಲುಚೀಲ ವಾಪಸು ಕೊಡಲಿಲ್ಲ,
ಅದನ್ನಷ್ಟೇ ಹೇಳುತ್ತಿದ್ದ ಅಪ್ಪ,
ಮುಂದಿನದನ್ನಲ್ಲ.

ಕೋಡಿಗೆ ಒಂದು ಬೈಟು ಹೆಚ್ಚು ಸೇರಿಸಿದೆ,
ಈಗ ಒಳಗೆ ಯಾರು ಎಂಬ ಫಲಕಕ್ಕೆ.
ಟೂರ್ಲೈಫ್‌ಗೆ ತಕರಾರು:
ಅದು ನಮಗೇ ಗೊತ್ತಲ್ಲ, ಸುಮ್ಮನೆ ದಂಡ.
ಗೊತ್ತು, ಎಂದೆ.
ಸ್ಟ್ರಿಂಗನ್ನು ಕಳಿಸುವ ಸಾಲನ್ನು ಕೈಯಾರೆ ಬರೆದೆ,
ಅಂಕಿಗೆ ಜಾಗ ಬಿಡುವ ಮೊದಲು.
ಟೆಸ್ಟು ಓಡುತ್ತಿದೆ. ಎರಡು ಸಲ ಓಡಿಸಿದೆ.
ಕಾಫಿ ಆರಿದೆ. ಮೂರನೆಯ ಸಲ.