ಗಾಳಿ ಯಾವ ಊರಿನದು

ಹಾಜರಿ: ಹನ್ನೊಂದು ಜನ, ಒಂದು ಹರಿಗೋಲು,
ಕಡ ತಂದ ಎರಡು ಕುಡುಗೋಲು.
ಕೆರೆ ಸಂಘದ ಕಾರ್ಯದರ್ಶಿ ನಾನು,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.

ಹದಿನೆಂಟು ವರ್ಷ ನಮ್ಮ ಕೆರೆಗೆ ನೀರಿರಲಿಲ್ಲ.
ಅದರ ಅಂಗಳದಲ್ಲೇ ನಾನು ಸೈಕಲ್ ಕಲಿತದ್ದು,
ಮುರಿದು ಬಿದ್ದ ತೂಬಿನ ಕಲ್ಲಿಗೆ ಗುದ್ದಿ
ಮುಂಬಲ್ಲು ಮೊಟಕು ಮಾಡಿಕೊಂಡದ್ದು.
ಆಮೇಲೊಂದು ದಿನ ಪೈಪಿನಲ್ಲಿ ನೀರು ಬಂತು,
ಪಟ್ಟಣವನ್ನು ತೊಳೆದು, ಸೋಸಿ, ಕಳಿಸಿದ ನೀರು.
ಏರಿಯ ಮೇಲೆ ನಿಂತು ಅರಿಶಿನ ಕುಂಕುಮ ಎರಚಿದೆವು.
ಯಾರ ಮನೆಯಿಂದ ಹೊರಟು ಬಂದೆ ಎಂದು
ಗಂಗಮ್ಮನನ್ನು ಕೇಳುವವರುಂಟೆ?

ಮೂರನೇ ವರ್ಷ ಒಂದು ಗಿಡ.
ಬಟ್ಟಲಿನಂಥ ಎಲೆ, ದಂಟಿನೊಳಗೆ ಗಾಳಿ,
ಯಾರಿಗೂ ಭಾರವಾಗದೆ ತೇಲಿಕೊಂಡು ಬಂತು.
ಹೂ ಚೆನ್ನಾಗಿದೆಯೆಂದು ಅಂಗನವಾಡಿಯ ಪಿಳ್ಳಮ್ಮ
ಬಕೆಟ್ಟಿನಲ್ಲಿ ಒಂದನ್ನು ಇಟ್ಟುಕೊಂಡಳು.
ಮುಂದಿನ ಯುಗಾದಿಗೆ ಕೆರೆ ಇತ್ತು,
ನೀರು ಕಾಣಲಿಲ್ಲ.

ಅದರ ಹೆಸರು ಅಂತರಗಂಗೆ.
ಕೋಲಾರದ ಬೆಟ್ಟದಲ್ಲಿ ಕಲ್ಲು ಬಸವನ ಬಾಯಿಂದ
ಬೇಸಿಗೆಯಲ್ಲೂ ಸುರಿಯುತ್ತದಲ್ಲ, ಅದಕ್ಕೂ ಇದೇ ಹೆಸರು.
ಅದಕ್ಕೆ ಮೆಟ್ಟಿಲು ಹತ್ತಿ ಬೊಗಸೆ ಒಡ್ಡುತ್ತೇವೆ,
ಇದನ್ನು ಕುಡುಗೋಲಲ್ಲಿ ಕೊಚ್ಚುತ್ತೇವೆ.
ಸಭೆಯಲ್ಲಿ ಈ ಮಾತು ಹೇಳಿದೆ.
"ಬರ್ಕೊಳ್ಳಮ್ಮ, ಮುಂದಿನ ವಿಷಯ" ಎಂದರು ಅಧ್ಯಕ್ಷರು.

ಮುಂದಿನ ವಿಷಯ: ಕಳೆ ಯಾರದು?
ಬೆಳಗಿನ ಗಾಳಿಗೆ ಅದು ನಮ್ಮ ದಡ ಬಿಟ್ಟು
ಆಚೆಯ ಮರವಪಲ್ಲಿಗೆ ಹೋಗಿ ಕೂರುತ್ತದೆ.
ಸಂಜೆ ಗಾಳಿ ತಿರುಗಿದರೆ
ಇಡೀ ಹಸಿರು ಚಾಪೆ ನಮ್ಮ ಮೆಟ್ಟಿಲಿಗೆ ವಾಪಸು.
ರಾತ್ರಿ ಬಿದಿರುಗಳದಲ್ಲಿ ನಮ್ಮ ಕಡೆಗೆ ತಳ್ಳುತ್ತಾರೆ
ಎಂದು ಅವರ ದೂರು.
ತಳ್ಳುವವರಿದ್ದರು. ನನ್ನ ತಮ್ಮನೂ ಇದ್ದ.
ಅದನ್ನು ನಾನು ಬರೆಯಲಿಲ್ಲ.
ಮೀನು ಗುತ್ತಿಗೆಯ ಅಮೀರ್ ಜಾನ್ ಎದ್ದು ನಿಂತು
"ಗಾಳಿ ಯಾವೂರ್ದು ಅಂತ ಪಹಣೀಲಿ ಐತಾ?" ಎಂದರು.
ಮೊದಲು ಯಾರೂ ನಗಲಿಲ್ಲ.
ಖರ್ಚು ಎರಡೂ ಊರಿಗೆ ಅರ್ಧರ್ಧ ಎಂದು ತೀರ್ಮಾನವಾಯಿತು.

ಔಷಧಿ ಹೊಡೆಯೋಣ ಎಂದವರೂ ಇದ್ದರು.
ನೀರುಗಂಟಿ ಮುನಿಯಲ್ಲಪ್ಪ,
ಹಂಚಲು ಹನಿ ಇಲ್ಲದ ಹದಿನೆಂಟು ವರ್ಷವೂ
ದಿನಾ ಏರಿಯ ಮೇಲೆ ನಡೆದುಬಂದವನು,
"ಬ್ಯಾಡ" ಎಂದ, ಪಂಚೆ ಎತ್ತಿ ಕಟ್ಟಿ
ಇಳಿದೇಬಿಟ್ಟ.

ಭಾನುವಾರಗಳು. ಎದೆಮಟ್ಟ ನೀರು.
ಬೇರು ಕೈಗೆ ಸಿಕ್ಕರೆ ಬಿಚ್ಚಿದ ತುರುಬಿನ ಹಾಗೆ,
ಅದರೊಳಗೆ ಬಸವನಹುಳು, ಶಾಂಪೂ ಪೊಟ್ಟಣ,
ಎಲ್ಲಿಯದೋ ಒಂದು ಸರ್ಕಾರಿ ಮಾತ್ರೆಯ ಹಾಳೆ.
ಗೋಣಿ ಹೊತ್ತರೆ ಗಿಡಕ್ಕಿಂತ ನೀರಿನ ತೂಕವೇ ಹೆಚ್ಚು.
"ಇದು ಮುಗೀತದಾ ತಾತ?" ಎಂದ ಪಿಯುಸಿ ಹುಡುಗನಿಗೆ
ಮುನಿಯಲ್ಲಪ್ಪ ತಿರುಗಿ ನೋಡದೆಯೇ:
"ಗಡ್ಡ ಮುಗೀತದೇನೋ? ಬೋಳಿಸ್ತೀವಪ್ಪ."

ಐದನೇ ಭಾನುವಾರ ಅವನ ಪಾದಕ್ಕೆ ಕಲ್ಲು ತಾಗಿತು.
ತಡವಿ ತಡವಿ ನೋಡಿ "ತೂಬು" ಎಂದ,
ಸಂತೆಯಲ್ಲಿ ನೆಂಟರು ಸಿಕ್ಕವನಂತೆ.
ಸುತ್ತ ಕಿತ್ತ ಜಾಗದಲ್ಲಿ ಕಂಬಳಿಯಗಲ ಆಕಾಶ.
ಮರವಪಲ್ಲಿಯ ಅಕ್ಕಲಮ್ಮ ಗೋಣಿ ಇಳಿಸಿ
"ನೀಳ್ಳು ಕನಪಡ್ಡಾಯಿ" ಎಂದಳು.
ನೀರು ಕಂಡಿತು,
ಎಂದು ಕನ್ನಡದಲ್ಲಿ ಬರೆದುಕೊಂಡೆ.
ನಾಲಿಗೆ ತಾನಾಗಿ ಮುಂಬಲ್ಲಿನ ಮೊಟಕನ್ನು ಹುಡುಕಿತು.

ಏರಿಯ ಮೇಲೆ ರಾಶಿ ಹಾಕಿದ್ದರಲ್ಲಿ
ಮಾರನೆಯ ಬೆಳಿಗ್ಗೆಯೂ ಒಂದೆರಡು ಹೂ ಬಿಟ್ಟಿದ್ದವು,
ತಿಳಿನೇರಳೆ, ನಡುವೆ ಹಳದಿ ಬೊಟ್ಟು,
ಸತ್ತದ್ದು ಇನ್ನೂ ಗೊತ್ತಾಗದ ಹಾಗೆ.

ಇತರೆ ವಿಷಯ: ಪಿಳ್ಳಮ್ಮನ ಬಕೆಟ್ಟು.
ಆ ಮಾತನ್ನೂ ಯಾರೂ ಎತ್ತಲಿಲ್ಲ,
ಬಕೆಟ್ಟನ್ನೂ.
ಪೈಪಿನಲ್ಲಿ ನೀರು ಬರುತ್ತಲೇ ಇತ್ತು.
ಸಭೆ ಮುಗಿದದ್ದು ಐದೂವರೆಗೆ.
ಕೈ ಒದ್ದೆಯಿದ್ದವರು
ನಾಳೆ ಸಹಿ ಹಾಕುತ್ತೇವೆಂದು ಹೇಳಿ ಹೋದರು.