ಜೇಬು

ಇನಾಯತ್ ಸಾಬರು ಗಾಜಿನ ಮೇಲೆ ಹಸಿರು ಬಟ್ಟೆ ಹಾಸಿ
ಮೂರನ್ನು ಸಾಲಾಗಿ ಮಲಗಿಸಿದರು,
ಬಳೆಗಾರ ಅಳತೆಗೆ ಬಳೆ ಇಟ್ಟ ಹಾಗೆ.
"ಕೈ ತೋರಿಸಿ" ಅಂದರು. ತೋರಿಸಿದೆ.
ಬೆರಳು ನೋಡಿದರು, ಮುಟ್ಟಲಿಲ್ಲ.
"ಚಿಕ್ಕದೇ ಸಾಕು."

ಮೂವತ್ತೆರಡು ಬೋರಿನದು ಹೊಸದು.
ಬೆಲೆ ಕೇಳಿ ಗೋಡೆಯ ಕ್ಯಾಲೆಂಡರ್ ನೋಡಿದೆ.
ಇಪ್ಪತ್ತೆರಡರ ರಿವಾಲ್ವರು,
"ಸದ್ದು ಜಾಸ್ತಿ, ಪೆಟ್ಟು ಕಮ್ಮಿ,
ನಮ್ಮ ದೊಡ್ಡ ಭಾವನ ಹಾಗೆ." ಅವರೇ ನಕ್ಕರು.
ಮೂರನೆಯದು ಅಂಗೈಯಷ್ಟು,
ಇಪ್ಪತ್ತೈದು ಬೋರು, ಬಿಳಿಯರ ಕಾಲದ್ದು.
ಮೂಡಿಗೆರೆ ಕಡೆಯ ಎಸ್ಟೇಟಿನ ಹೆಂಗಸೊಬ್ಬರು
ಗಂಡ ತೀರಿಕೊಂಡ ಮೇಲೆ ತಂದಿಟ್ಟು ಹೋದದ್ದು.
ಅಗ್ಗ. ಯಾಕೆ ಅಗ್ಗ ಅಂದರೆ
ಗುಂಡು ಸಿಗುವುದಿಲ್ಲ.
ಡಬ್ಬಿಯಲ್ಲಿ ಹದಿನೇಳಿವೆ, ಅದರಲ್ಲಿ ಎಷ್ಟು ಸಿಡಿದಾವೋ
ದೇವರಿಗೂ ಗೊತ್ತಿಲ್ಲ, ಸಾಬರಿಗೂ.

ಎತ್ತಿ ನೋಡಿದೆ. ಒಂದು ಅಚ್ಚು ಬೆಲ್ಲದ ಭಾರ,
ಬಾವಿಹಗ್ಗದ ತಣ್ಣಗೆ.
"ಎಲ್ಲಿಟ್ಟುಕೊಳ್ತೀರಿ?" ಕೇಳಿದರು.

ಎಲ್ಲಿಟ್ಟುಕೊಳ್ಳಲಿ?
ಸೆರಗಿಗೆ ಗಂಟು ಹಾಕಿದರೆ ಚಿಲ್ಲರೆ ನಿಲ್ಲುತ್ತದೆ,
ರವಿಕೆಯೊಳಗೆ ನೋಟು, ಸೊಂಟಕ್ಕೆ ಬೀಗದ ಕೈ.
ಚೂಡಿದಾರಿಗೆ ಎರಡು ಪಕ್ಕ ಸೀಳುತ್ತಾರೆ,
ಜೇಬು ಮಾತ್ರ ಇಡುವುದಿಲ್ಲ.
ವ್ಯಾನಿಟಿ ಬ್ಯಾಗಿನ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ,
ಬರುವವನು ಮೊದಲು ಕೀಳುವುದೂ ಅದನ್ನೇ.
ಜೇಬಿನ ಪಿಸ್ತೂಲಂತೆ!
ನಲವತ್ತಾರು ವರ್ಷ ಒಂದು ಜೇಬಿಲ್ಲದೆ ಬದುಕಿದ್ದೇನೆ
ಅನ್ನುವುದು ಚಿಕ್ಕಮಗಳೂರಿನ ಬಂದೂಕಿನಂಗಡಿಯಲ್ಲಿ ಹೊಳೆಯಿತು.

ನಮ್ಮ ಬಂಕು ಸಖರಾಯಪಟ್ಟಣದಾಚೆ, ಕಡೂರು ರಸ್ತೆಗೆ.
ರಾತ್ರಿ ಹನ್ನೊಂದಕ್ಕೆ ದುಡ್ಡೆಣಿಸಿ
ಸ್ಕೂಟಿಯ ಸೀಟಿನಡಿ ಇಟ್ಟು ಮೂರು ಮೈಲಿ,
ಒಂದು ಕಡೆ ಹುಣಸೆಮರ, ಒಂದು ಕಡೆ ಏನೂ ಇಲ್ಲ.
ಆ ಏನೂ ಇಲ್ಲದ ಕಡೆಗೇ ಹೆದರುತ್ತಿದ್ದೆ.
ಅವರು ಬಂದದ್ದು ದೀಪದ ಕೆಳಗೆ.
ಇನ್ನೂರಕ್ಕೆ ಹಾಕು ಅಂದು,
ಹಾಕಿಸಿಕೊಂಡು, ಆಮೇಲೆ ಮಚ್ಚು ತೆಗೆದರು.
ಹೋದದ್ದು ನಾಲ್ಕು ಸಾವಿರದ ಮುನ್ನೂರು,
ಓಂಕಾರಿಯ ಬಲಗೈಗೆ ಹನ್ನೊಂದು ಹೊಲಿಗೆ.
ನಾನು ಒಳಗೆ, ಮೇಜಿನ ಕೆಳಗೆ, ಇದ್ದೆ.
ಇದನ್ನು ಸಾಬರಿಗೆ ಹೇಳಲಿಲ್ಲ.

ಅರ್ಜಿ ಡೀಸಿ ಆಫೀಸಿನಲ್ಲಿದೆ.
ವಿಚಾರಣೆಗೆ ಬಂದ ಪೇದೆ ಕೇಳಿದ,
"ನಿಮಗೆ ಯಾರ ಮೇಲೆ ಅನುಮಾನ?"
"ಯಾರ ಮೇಲೂ ಇಲ್ಲ." ಬರೆದುಕೊಂಡ.
"ಹಂಗಾದ್ರೆ ಯಾಕೆ ಬೇಕು?"
ಎಲೆಕ್ಷನ್ ಬಂದರೆ ಸ್ಟೇಷನ್ನಿಗೆ ಒಪ್ಪಿಸಬೇಕು ಅಂತಲೂ ಹೇಳಿದ.
ಕಳ್ಳರೂ ಅಷ್ಟು ದಿನ ಮಚ್ಚು ಒಪ್ಪಿಸುತ್ತಾರೇನೋ.

ಆವತ್ತು ಬಸ್ಸಿಳಿದವಳು ನೇರ
ಸಿದ್ಧಲಿಂಗಿಯ ಮಷೀನಿನ ಮುಂದೆ ನಿಂತೆ.
ಖಾಕಿ ಕೋಟು ಕೊಟ್ಟು, "ಬಲಗಡೆಗೊಂದು ಜೇಬು."
"ಎಷ್ಟು ಆಳ?"
ಅಂಗೈ ತೋರಿಸಿದೆ, ಆ ದಿನ ಎರಡನೇ ಸಲ.
"ಏನಿಡಾಕೆ ಅಕ್ಕ?"
"ಬೆಲ್ಲ."
ಅವಳು ನನ್ನ ಮುಖ ನೋಡಿ ಡಬಲ್ ಹೊಲಿಗೆ ಹಾಕಿದಳು,
ಮೂವತ್ತು ರೂಪಾಯಿ ತಗೊಂಡಳು.
ಸುಮ್ಮನೆ ಎಣಿಸಿದೆ. ಬಾಯಂಚಿಗೇ ಹನ್ನೊಂದು ದಾಟಿತ್ತು.

ಫೈಲು ಇನ್ನೂ ಮೇಜಿಂದ ಮೇಜಿಗೆ.
ಸಾಬರು ಫೋನು ಮಾಡಿ, ಅದನ್ನು ಯಾರಿಗೂ ಕೊಟ್ಟಿಲ್ಲ ಅಂದರು.
ಯಾರೂ ಕೇಳಿರಲಿಕ್ಕಿಲ್ಲ.
ಓಂಕಾರಿ ಎಡಗೈಯಲ್ಲಿ ಪೈಪು ಹಿಡಿಯಲು ಕಲಿತಿದ್ದಾನೆ.
ಜೇಬಿನಲ್ಲಿ ಸದ್ಯಕ್ಕೆ ಒಂದು ಹಿಡಿ ಹುರಿದ ಕಡಲೆಕಾಯಿ.

ನಿನ್ನೆ ರಾತ್ರಿ ಬೈಕೊಂದು ಲೈಟು ಆರಿಸಿಕೊಂಡೇ ಬಂತು.
ನಾನು ಹೊರಗೆ ಹೋಗಿ
ಓಂಕಾರಿಯ ಪಕ್ಕ ನಿಂತೆ, ಕೈ ಜೇಬಿನಲ್ಲಿ.
ಇನ್ನೂರಕ್ಕೆ ಹಾಕಿಸಿದರು. ಕೊಟ್ಟರು. ಹೋದರು.
ಒಳ್ಳೆಯವರೇ ಇರಬೇಕು.

ಮುಷ್ಟಿ ಬಿಚ್ಚಿದರೆ ಕಡಲೆಕಾಯಿಯೆಲ್ಲ ಪುಡಿ.
ಓಂಕಾರಿ ಎಡಗೈ ಒಡ್ಡಿದ,
ಸಿಪ್ಪೆ ಊದಿ
ಅವನಿಗೂ ಒಂದಿಷ್ಟು ಹಾಕಿದೆ.